ಕೈಬಲೆ ಹಿಡಿದವನು

ಹೊಳೆ ಎಡಕ್ಕೆ ತಿರುಗುವ ಕಡೆ ಒಂದು ಮಡುವಿತ್ತು. ದಂಡೆಯ ಮೇಲೆ ಹೊಂಗೆ ಮರಗಳು, ಮರಗಳ ಹಿಂದೆ ಅರುಳಪ್ಪನವರ ಹೆಂಚಿನ ಮನೆ.

ಅರುಳಪ್ಪ ಕೆಲಸದಲ್ಲಿದ್ದಷ್ಟು ಕಾಲ ದನದ ಡಾಕ್ಟರಾಗಿದ್ದವರು. ನಿವೃತ್ತರಾದ ಮೇಲೆ ಬೆಳಗಿನ ಹೊತ್ತು ಗಾಳ ಹಾಕಿಕೊಂಡು ಮಡುವಿನ ದಂಡೆಯಲ್ಲಿ ಕೂರುತ್ತಿದ್ದರು. ನೋಡಿದವರು ಬಂದು ಪಕ್ಕದಲ್ಲಿ ಕೂತರು. ಹಾಗೆ ಕೂತವರೇ ಅವರನ್ನು ಗುರುಗಳು ಅನ್ನತೊಡಗಿದರು. ಬೇಡವೆಂದು ಅವರು ಹೇಳಿ ನೋಡಿದರು. ಯಾರೂ ಕೇಳಲಿಲ್ಲ.

ಅಲ್ಲಿ ಮೀನು ಹಿಡಿಯುತ್ತಿದ್ದುದು ಹೊಟ್ಟೆಪಾಡಿಗಲ್ಲ, ಮನಸ್ಸಿನ ಖುಷಿಗೆ. ಸಾರಿಗೆ ಬೇಕಾದವರು ಒಂದನ್ನು ಮನೆಗೆ ಒಯ್ಯಬಹುದು. ಮರಿಗಳನ್ನೂ ತೀರಾ ದೊಡ್ಡದನ್ನೂ ನೀರಿಗೇ ಬಿಡಬೇಕು. ಗುರುಗಳು ಹಾಕಿದ್ದ ನಿಯಮ ಅದೊಂದೇ.

ಬರುತ್ತಿದ್ದವರಲ್ಲಿ ಚೆಲುವರಾಜು ಒಬ್ಬ. ಪೇಟೆ ಬೀದಿಯಲ್ಲಿ ಅವನದೊಂದು ಟೈಲರ್ ಅಂಗಡಿ. ಅವನ ಬೆರಳು ಚುರುಕು. ಗಾಳಕ್ಕೆ ದಾರ ಕಟ್ಟುವುದರಲ್ಲಿ ಅವನಷ್ಟು ಅಚ್ಚುಕಟ್ಟಿನವರು ಯಾರೂ ಇರಲಿಲ್ಲ. ಮೀನು ಮಾತ್ರ ಬೀಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಗಾಳದ ಕೋಲನ್ನು ಹುಲ್ಲಿನ ಮೇಲಿಟ್ಟು ಗುರುಗಳ ಹತ್ತಿರ ಬಂದು ಕೂತ.

ತಾನು ಹುಟ್ಟಿದ್ದೇ ಹಾಗೆ ಎಂದು ಹೇಳಿಕೊಂಡ. ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿ ಏನೋ ನೆನಪಾಗಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಿಲ್ದಾಣಕ್ಕೆ ಹೋಗುವ ಹೊತ್ತಿಗೆ ಬಸ್ಸು ಹೊರಟಿರುತ್ತದೆ. ಹೊಳೆಯಾದರೂ ಬೇರೆ ಇರಬಹುದು ಅಂದುಕೊಂಡು ಬಂದಿದ್ದ. ಹೊಳೆಯೂ ಹಾಗೇ.

"ಗುರುಗಳೇ, ಅದೃಷ್ಟ ಕುದುರೋದಕ್ಕೆ ಏನು ಮಾಡಬೇಕು?"

ಅರುಳಪ್ಪ ರಾಗಿ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದರು.

"ಅದೃಷ್ಟ ಅಂದರೆ ಕಾಣದ್ದು ಅಂತ ಅರ್ಥ. ಕಾಣದ್ದರ ವಿಚಾರ ನನಗೆ ಗೊತ್ತಿಲ್ಲ. ಇವತ್ತು ನೀನು ಕಂಡಿದ್ದು ಏನು, ಅದನ್ನ ಹೇಳು."

"ನೀರ ಮೇಲೆ ತೇಲೋ ಬೆಂಡು ನೋಡ್ತಾ ಇದ್ದೆ."

"ಯಾರ ಬೆಂಡು?"

ಚೆಲುವರಾಜು ಹುಲ್ಲಿನ ಎಸಳೊಂದನ್ನು ಕಿತ್ತ. ಆಮೇಲೆ ಮೆಲ್ಲಗೆ ಹೇಳಿದ, "ಸ್ವಲ್ಪ ಹೊತ್ತು ನನ್ನದು. ಆಮೇಲೆ ಪುಟ್ಟತಾಯಮ್ಮೋರದು."

ಗುರುಗಳು ಉಂಡೆಯನ್ನು ಗಾಳಕ್ಕೆ ಚುಚ್ಚಿ ನೀರಿಗೆ ಬಿಟ್ಟರು.

ಪುಟ್ಟತಾಯಮ್ಮ ಹೂ ಮಾರುವವರು. ಚೆಲುವರಾಜು ಬರತೊಡಗಿ ಎಷ್ಟೋ ಕಾಲವಾದ ಮೇಲೆ ಬಂದವರು. ಗಂಡ ಇದ್ದಾಗ ಅವನ ಜೊತೆ ಕೆರೆ ದಂಡೆಯಲ್ಲಿ ಕೂತು ಅಭ್ಯಾಸವಿತ್ತಂತೆ. ಅವನು ಹೋದ ಮೇಲೆ ಅವನ ಬಿದಿರು ಕೋಲು ಹಿಡಿದುಕೊಂಡು ಈ ಮಡುವಿಗೆ ಬಂದರು. ಗದ್ದೆ ಕೆಲಸದವರಂತೆ ಸೀರೆ ಎತ್ತಿ ಕಟ್ಟಿ, ತಲೆಗೆ ವಸ್ತ್ರ ಸುತ್ತಿ ಕೂರುತ್ತಿದ್ದರು.

ಅವರ ಗಾಳಕ್ಕೆ ಮೀನು ಬೀಳುತ್ತಿತ್ತು. ಬೇರೆಯವರಿಗೆ ಬೀಳದ ದಿನವೂ ಬೀಳುತ್ತಿತ್ತು.

ಚೆಲುವರಾಜು ಅದಕ್ಕೆ ಕಾರಣ ಹುಡುಕತೊಡಗಿದ. ಮೊದಲು ಜಾಗ ಅಂದುಕೊಂಡ. ಒಂದು ದಿನ ಬೇಗ ಬಂದು ಅವರು ಕೂರುವ ಬಂಡೆಯ ಮೇಲೆ ತಾನೇ ಕೂತ. ಪುಟ್ಟತಾಯಮ್ಮ ಬಂದು ನೋಡಿ ಅವನ ಹಳೆಯ ಜಾಗದಲ್ಲಿ ಕೂತರು. ಬಿಸಿಲು ಏರುವ ಮುಂಚೆ ಅಲ್ಲೇ ಎರಡು ಗೆಂಡೆ ಮೀನು ಹಿಡಿದರು.

ಆಮೇಲೆ ಗಾಳ ಬದಲಾಯಿಸಿದ. ದಾರ ಬದಲಾಯಿಸಿದ. ಯಾರೋ ಹೇಳಿದರೆಂದು ಮಣಿಕಟ್ಟಿಗೆ ಕಪ್ಪು ದಾರ ಕಟ್ಟಿಕೊಂಡ. ರಾಗಿ ಉಂಡೆಗೆ ಬೆಲ್ಲ ಸೇರಿಸಿದ, ಬೆಲ್ಲ ಬಿಟ್ಟು ಇಂಗು ಸೇರಿಸಿದ. ಇರುವೆಗಳು ಬಂದವು.

ಗುರುಗಳು ನೋಡುತ್ತಿದ್ದರು. ಬೇಡ ಅನ್ನಲಿಲ್ಲ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಪುಟ್ಟತಾಯಮ್ಮನ ಬೆಂಡು ಮೆಲ್ಲಗೆ ಅಲುಗಿತು. ಮುಳುಗಲಿಲ್ಲ. ಅಲುಗಿ ನಿಂತಿತು, ಮತ್ತೆ ಅಲುಗಿತು. ಯಾವುದೋ ದೊಡ್ಡ ಮೀನು ಉಂಡೆಯನ್ನು ಮೂತಿಯಿಂದ ಮುಟ್ಟಿ ನೋಡುತ್ತಿತ್ತು. ದಂಡೆಯಲ್ಲಿದ್ದವರೆಲ್ಲ ಅತ್ತ ತಿರುಗಿದರು.

ಚೆಲುವರಾಜು ಎದ್ದ. ದಡಕ್ಕನೆ ನೀರಿನ ಅಂಚಿಗೆ ಇಳಿದು ದಬದಬ ಕೈಕಾಲು ತೊಳೆದ.

ಬೆಂಡು ನಿಂತುಬಿಟ್ಟಿತು. ನೀರು ಸುಮ್ಮನಾಯಿತು.

ಪುಟ್ಟತಾಯಮ್ಮ ದಾರ ಸುತ್ತಿಕೊಂಡರು. ಕೋಲು ಒರೆಸಿದರು. ಅವನ ಕಡೆ ತಿರುಗದೆ ದಂಡೆ ಹತ್ತಿ ಹೊರಟುಹೋದರು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಅವರ ಬಂಡೆ ಖಾಲಿ ಇತ್ತು. ಚೆಲುವರಾಜು ಅದರ ಮೇಲೆ ಹೋಗಿ ಕೂರಲಿಲ್ಲ. ಅವನ ಗಾಳಕ್ಕೆ ಆಗಲೂ ಮೀನು ಬೀಳಲಿಲ್ಲ.

ಕೊನೆಗೆ ಗುರುಗಳು ಅವನನ್ನು ಕರೆದರು. ಬಯ್ಯುತ್ತಾರೆ ಅಂದುಕೊಂಡು ತಲೆ ತಗ್ಗಿಸಿ ನಿಂತ.

"ನಿನ್ನ ಕೋಲು ನನ್ನ ಹತ್ತಿರ ಇರಲಿ," ಅಂದರು ಅರುಳಪ್ಪ. ಜಗುಲಿಯ ಮೂಲೆಯಿಂದ ಕೈಬಲೆ ತಂದು ಅವನ ಕೈಗೆ ಕೊಟ್ಟರು. ಬಿದಿರು ಬಳೆಗೆ ಹೆಣೆದ ಬಲೆ, ಉದ್ದನೆಯ ಹಿಡಿ. ಗಾಳಕ್ಕೆ ಬಿದ್ದ ಮೀನನ್ನು ದಡಕ್ಕೆ ಎತ್ತಿಕೊಳ್ಳುವುದಕ್ಕೆ ಅದು ಬೇಕು.

"ಇದರಲ್ಲಿ ನಾನು ಏನು ಎತ್ತಲಿ, ಗುರುಗಳೇ? ನನಗೆ ಮೀನೇ ಬೀಳಲ್ಲ."

"ಪುಟ್ಟತಾಯಮ್ಮನ ಮೀನು ಎತ್ತು."

"ಎಲ್ಲಿವರೆಗೆ?"

"ಅವರು ಸಾಕು ಅನ್ನೋವರೆಗೆ. ಮೊದಲು ಹೋಗಿ ಅವರನ್ನ ಕರಕೊಂಡು ಬಾ."

ಚೆಲುವರಾಜು ಅಂದು ಅಂಗಡಿ ತೆರೆಯಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿದ. ಸಂಜೆಯಾಗುತ್ತಾ ಬಂದ ಮೇಲೆ ಪುಟ್ಟತಾಯಮ್ಮನ ಮನೆ ಬಾಗಿಲಿಗೆ ಹೋಗಿ ನಿಂತ.

ಅವರು ನೆಲದ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಕೂರು ಅನ್ನಲಿಲ್ಲ. ಅವನು ನಿಂತೇ ಹೇಳಿದ. ಆ ದಿನ ಬೇಕೆಂದೇ ನೀರು ಬಡಿದದ್ದು ಅಂದ. ತಪ್ಪಾಯಿತು ಅಂದ. ಗುರುಗಳು ಕೈಬಲೆ ಹಿಡಿಯಲು ಹೇಳಿದ್ದನ್ನೂ ಹೇಳಿದ.

ಪುಟ್ಟತಾಯಮ್ಮ ಕೈಯಲ್ಲಿದ್ದ ಮೊಳವನ್ನು ಮುಗಿಸಿ ಗಂಟು ಹಾಕಿದರು.

"ಬರ್ತೀನಿ. ನೀನು ನನ್ನ ಹಿಂದೆ ಕೂರಬೇಕು. ಮಾತಾಡಬಾರದು."

ಹಾಗೆ ಚೆಲುವರಾಜು ಅವರ ಬೆನ್ನ ಹಿಂದೆ ಕೂರತೊಡಗಿದ.

ಮೊದಮೊದಲು ಅವನಿಗೆ ಅವಮಾನವಾಗುತ್ತಿತ್ತು. ಬೇರೆಯವರು ನೋಡಿ ನಗುತ್ತಾರೆ ಅನ್ನಿಸುತ್ತಿತ್ತು. ಪುಟ್ಟತಾಯಮ್ಮನ ಬೆಂಡು ಮುಳುಗಿದಾಗಲೆಲ್ಲ ಎದೆಯಲ್ಲಿ ಹಳೆಯ ಉರಿ ಏಳುತ್ತಿತ್ತು. ಎದ್ದು ಹೋಗೋಣ ಅಂದುಕೊಳ್ಳುತ್ತಿದ್ದ. ಕೈಯಲ್ಲಿ ಬಲೆ ಇರುತ್ತಿದ್ದುದರಿಂದ ಹೋಗಲು ಆಗುತ್ತಿರಲಿಲ್ಲ.

ಮಾತಿಲ್ಲ, ಕೋಲಿಲ್ಲ. ನೋಡುವುದೊಂದೇ ಕೆಲಸ. ನೋಡುತ್ತಾ ಬಂದ.

ಪುಟ್ಟತಾಯಮ್ಮ ಬಂದ ಕೂಡಲೇ ಗಾಳ ಹಾಕುತ್ತಿರಲಿಲ್ಲ. ಮೊದಲು ಅಂಚಿನ ಕೆಸರು ತೆಗೆದು ಕೈಗೆ ಚೆನ್ನಾಗಿ ಉಜ್ಜಿಕೊಳ್ಳುತ್ತಿದ್ದರು. ಚೆಲುವರಾಜುವಿಗೆ ಅದೊಂದು ಶಾಸ್ತ್ರ ಇರಬೇಕು ಅನ್ನಿಸಿತ್ತು. ಆಮೇಲೊಂದು ದಿನ ಅವರು ಕೈ ಮೂಸಿ ನೋಡಿಕೊಂಡು ಮತ್ತೆ ಉಜ್ಜಿದ್ದು ಕಂಡಿತು. ಮಲ್ಲಿಗೆಯ ವಾಸನೆ ಹೋಗಲೆಂದು ಉಜ್ಜುತ್ತಿದ್ದರು.

ಅವನು ತನ್ನ ಬೆರಳು ಮೂಸಿ ನೋಡಿಕೊಂಡ. ಹೊಲಿಗೆ ಮೆಷಿನ್ನಿನ ಎಣ್ಣೆ. ಇಷ್ಟು ಕಾಲ ಅದೇ ಬೆರಳಿನಿಂದ ರಾಗಿ ಉಂಡೆ ಕಟ್ಟಿದ್ದ.

ಅವರು ಬಂಡೆಗೆ ಬಗ್ಗಿಕೊಂಡು ಬರುತ್ತಿದ್ದರು. ನೆರಳು ನೀರಿನ ಮೇಲೆ ಬೀಳದ ಹಾಗೆ ಕೂರುತ್ತಿದ್ದರು. ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ನೀರಿಗೆ ಎಸೆದು ಸುಮ್ಮನೆ ಇರುತ್ತಿದ್ದರು. ಎಲ್ಲೋ ಒಂದು ಕಡೆ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಬರುತ್ತಿದ್ದವು. ಮೀನು ತಳ ಕೆದಕುತ್ತಿದೆ ಎಂದು ಅದರಿಂದ ತಿಳಿಯುತ್ತಿತ್ತು. ಆಮೇಲೆ ಗಾಳ. ಅದೂ ಗುಳ್ಳೆಯ ಮೇಲಲ್ಲ, ಸ್ವಲ್ಪ ಆಚೆ.

ದಾರದ ಮೇಲಿನ ಬೆಂಡನ್ನು ಒಂದು ದಿನ ಮೇಲಕ್ಕೆ ಸರಿಸುತ್ತಿದ್ದರು, ಒಂದು ದಿನ ಕೆಳಕ್ಕೆ. ನೀರು ತಣ್ಣಗಿದ್ದ ದಿನ ಗಾಳ ತಳಕ್ಕೆ ಹೋಗುತ್ತಿತ್ತು. ಬರಿಗೈಯಲ್ಲಿ ಎದ್ದ ದಿನಗಳೂ ಇದ್ದವು. ಚೆಲುವರಾಜು ಅವನ್ನು ಹಿಂದೆ ಗಮನಿಸಿಯೇ ಇರಲಿಲ್ಲ. ಅಂಥ ದಿನ ಅವರು ಹೊಂಗೆ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು.

ಬಲೆ ಹಿಡಿಯುವುದಕ್ಕೂ ಒಂದು ರೀತಿ ಇತ್ತು. ಬಲೆಯನ್ನು ಮೀನಿನ ಹಿಂದೆ ಓಡಿಸಬಾರದು. ಮೊದಲೇ ನೀರಿನೊಳಗೆ ಇಳಿಸಿ ಅಲುಗದೆ ಹಿಡಿದಿರಬೇಕು. ಮೀನು ತಲೆ ಮುಂದಾಗಿ ತಾನೇ ಬಲೆಯ ಮೇಲೆ ಬರಬೇಕು. ಪುಟ್ಟತಾಯಮ್ಮ "ಈಗ" ಅಂದಾಗ ಎತ್ತಬೇಕು. ಆ ಒಂದು ಮಾತು ಬಿಟ್ಟರೆ ಅವರಿಬ್ಬರ ನಡುವೆ ಬೇರೆ ಮಾತಿರಲಿಲ್ಲ.

ಯಾವಾಗ ಹಾಗಾಯಿತೋ ಅವನಿಗೆ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಅವರ ಬೆಂಡು ಮುಳುಗಿದಾಗ ಉರಿ ಏಳಲಿಲ್ಲ. ಕೈ ತಾನಾಗಿ ಬಲೆಯ ಹಿಡಿಗೆ ಹೋಗಿತ್ತು.

ಚಳಿ ಶುರುವಾದ ಹೊತ್ತಿಗೆ ಆ ದೊಡ್ಡ ಮೀನು ಮತ್ತೆ ಬಂತು.

ಈ ಸಲ ಬೆಂಡು ಅಲುಗಲಿಲ್ಲ, ಒಮ್ಮೆಗೇ ಹೋಯಿತು. ಕೋಲು ಬಿಲ್ಲಿನಂತೆ ಬಗ್ಗಿತು. ಪುಟ್ಟತಾಯಮ್ಮ ಎದ್ದು ನಿಂತರು. ಮೀನು ಹಿಡಿಯುವಾಗ ಅವರು ಎದ್ದು ನಿಂತಿದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ.

ಮೀನು ಮಡುವಿನ ಆಳಕ್ಕೆ ಎಳೆಯಿತು. ಅವರು ಬಿಟ್ಟುಕೊಟ್ಟರು. ಅದು ಸುಸ್ತಾದಾಗ ಮೆಲ್ಲಗೆ ಎಳೆದುಕೊಂಡರು. ಬಿಸಿಲು ಮರದ ತುದಿಯಿಂದ ಬುಡಕ್ಕೆ ಇಳಿಯಿತು. ಉಳಿದವರು ತಮ್ಮ ತಮ್ಮ ಗಾಳ ಬಿಟ್ಟು ಸುತ್ತ ಬಂದು ನಿಂತಿದ್ದರು. ಅರುಳಪ್ಪನವರೂ ಬಂದಿದ್ದರು.

ಕೊನೆಗೆ ಮೀನು ಮೇಲೆ ಬಂದು ಪಕ್ಕಕ್ಕೆ ಹೊರಳಿತು. ಮುದಿ ಮೀನು, ಹಿತ್ತಾಳೆ ಬಣ್ಣದ ಹುರುಪೆ. ಚೆಲುವರಾಜು ಬಲೆಯನ್ನು ನೀರೊಳಗೆ ಇಳಿಸಿ ಕಾದ. ತಲೆ ಹತ್ತಿರ ಬಂತು. ಇನ್ನೂ ಹತ್ತಿರ ಬಂತು.

ಅವನು ಬಲೆ ಎತ್ತಿದ.

ಪುಟ್ಟತಾಯಮ್ಮ "ಈಗ" ಅಂದಿರಲಿಲ್ಲ.

ಅವರ ದಾರಕ್ಕೆ ಎರಡು ಗಾಳಗಳಿದ್ದವು. ಒಂದು ಮೀನಿನ ಬಾಯಲ್ಲಿತ್ತು. ಇನ್ನೊಂದು ಬಲೆಯ ಹೊರಮೈಯ ಕಣ್ಣಿಗೆ ಸಿಕ್ಕಿಕೊಂಡಿತು. ಅರ್ಧ ಬಲೆಯೊಳಗೆ ಅರ್ಧ ಹೊರಗಿದ್ದ ಮೀನು ಒಮ್ಮೆ ಬಾಲ ಬೀಸಿತು. ಬಲೆ ಹರಿಯಿತು, ದಾರ ತುಂಡಾಯಿತು, ಮೀನು ತಲೆ ಕೆಳಗೆ ಮಾಡಿ ಹೋಯಿತು.

ಚೆಲುವರಾಜು ಅದರ ಹಿಂದೆಯೇ ನೀರಿಗೆ ಬಿದ್ದ. ಎದೆಮಟ್ಟ, ಆಮೇಲೆ ಕುತ್ತಿಗೆಮಟ್ಟ. ಎರಡು ಕೈಯಲ್ಲೂ ನೀರು ಬಾಚುತ್ತಿದ್ದ. ಅರುಳಪ್ಪ ಅವನ ಅಂಗಿಯ ಕಾಲರ್ ಹಿಡಿದು ದಡಕ್ಕೆ ಎಳೆದರು.

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ಚೆಲುವರಾಜುವಿಗೆ ಅರ್ಥವಾಯಿತು.

"ಬೇಕೂಂತ ಮಾಡಿದ್ದಲ್ಲ, ಅಕ್ಕ," ಅಂದ.

ಪುಟ್ಟತಾಯಮ್ಮ ತುಂಡಾದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕೋಲು ಎತ್ತಿಕೊಂಡು ಹೊರಟುಹೋದರು.

ಎಲ್ಲರೂ ಹೋದ ಮೇಲೆ ಚೆಲುವರಾಜು ಒದ್ದೆ ಬಟ್ಟೆಯಲ್ಲೇ ಗುರುಗಳ ಜಗುಲಿಗೆ ಬಂದ. ಹರಿದ ಬಲೆಯನ್ನು ಅವರ ಮುಂದೆ ಇಟ್ಟ. ಇನ್ನು ಬರುವುದಿಲ್ಲ ಅಂದ. ಯಾರೂ ತನ್ನನ್ನು ನಂಬುವುದಿಲ್ಲ, ನಂಬಲಿ ಅಂತ ಕೇಳುವ ಮುಖವೂ ತನಗಿಲ್ಲ ಅಂದ.

ಅರುಳಪ್ಪ ಅವನಿಗೊಂದು ಪಂಚೆ ತಂದುಕೊಟ್ಟರು. ಒಳಗೆ ಹೋಗಿ ಕಾಫಿ ಕಾಸಿ ತಂದರು. ಅವನು ಲೋಟ ಹಿಡಿದುಕೊಂಡೇ ಕೂತ, ಕುಡಿಯಲಿಲ್ಲ.

"ಬೇರೆಯವರ ಮಾತು ಹಾಗಿರಲಿ, ಗುರುಗಳೇ. ಅವರು ಹೇಳೋದಕ್ಕೆ ಮುಂಚೆ ನನ್ನ ಕೈ ಯಾಕೆ ಎದ್ದಿತು? ಆಸೆಗೆ ಎದ್ದಿತೋ, ಹಳೇ ಹೊಟ್ಟೆಕಿಚ್ಚಿಗೆ ಎದ್ದಿತೋ? ಹುಡುಕಿ ಹುಡುಕಿ ಸಾಕಾಯ್ತು. ನನಗೇ ಗೊತ್ತಾಗ್ತಿಲ್ಲ."

ಗುರುಗಳು ಬಲೆಯನ್ನು ಮೊಣಕಾಲ ಮೇಲೆ ಹರವಿಕೊಂಡು ನೋಡಿದರು. ಸಿಕ್ಕಿದ್ದ ಗಾಳ ಅಲ್ಲೇ ಇತ್ತು. ಅದರ ಸುತ್ತ ಅಂಗೈ ಅಗಲ ಹರಿದಿತ್ತು.

"ಇದನ್ನ ಹೊಲಿಯೋಕೆ ಬರುತ್ತಾ ನಿನಗೆ?"

"ಬರುತ್ತೆ."

"ಹಾಗಾದರೆ ಹೊಲಿ."

"ನಾನು ಕೇಳಿದ್ದು?"

"ಹೊಲಿದು ನಾಳೆ ಅವರಿಗೆ ಕೊಡು."

ಚೆಲುವರಾಜು ಆ ಸಂಜೆ ಅಂಗಡಿಯಲ್ಲಿ ಕೂತು ಬಲೆ ಹೊಲಿದ. ಮೆಷಿನ್ನಿಗೆ ಕೊಡಲು ಬರುವಂಥದ್ದಲ್ಲ, ಕೈಯಲ್ಲೇ ಕಣ್ಣು ಕಣ್ಣು ಹೆಣೆಯಬೇಕು. ಹೊಲಿಗೆ ಹಾಕಿಸಲು ಬಂದ ಗಿರಾಕಿಗೆ ಸ್ವಲ್ಪ ಹೊತ್ತು ಕೂರಿ ಅಂದ. ಗಿರಾಕಿ ಕೂತ. ಮುಗಿಯುವವರೆಗೂ ಬಲೆಯನ್ನೇ ನೋಡುತ್ತಾ ಕೂತಿದ್ದ.

ಬೆಳಿಗ್ಗೆ ಅವನು ಮಡುವಿಗೆ ಬರುವ ಹೊತ್ತಿಗೆ ಪುಟ್ಟತಾಯಮ್ಮ ಬಂದಿದ್ದರು. ಕೋಲು ಪಕ್ಕದಲ್ಲಿತ್ತು, ದಾರ ಇನ್ನೂ ಬಿಚ್ಚಿರಲಿಲ್ಲ. ಅರುಳಪ್ಪ ಹೊಂಗೆ ಮರಕ್ಕೆ ಒರಗಿ ಕೂತಿದ್ದರು.

ಅವನು ಬಲೆಯನ್ನು ಪುಟ್ಟತಾಯಮ್ಮನ ಕೈಗೆ ಕೊಟ್ಟ. ಅವರು ಹೊಲಿದ ಜಾಗದಲ್ಲಿ ಎರಡು ಹೆಬ್ಬೆರಳು ಇಟ್ಟು ಎಳೆದು ನೋಡಿದರು. ಬಲೆ ಗಟ್ಟಿಯಾಗಿತ್ತು.

ನಿನ್ನೆ ಮನೆ ಸೇರುವವರೆಗೂ ಬೇಕೆಂದೇ ಮಾಡಿದ ಅಂತಲೇ ಅಂದುಕೊಂಡಿದ್ದೆ ಎಂದರು. ಶಾಪ ಹಾಕಿಕೊಂಡೇ ಹೋದೆ ಎಂದರು. ಆಮೇಲೆ ಹೂ ಕಟ್ಟುತ್ತಾ ಕೂತಾಗ ಎಲ್ಲ ಮತ್ತೆ ಕಣ್ಣ ಮುಂದೆ ಬಂತಂತೆ.

"ನಿನಗೆ ಈಜು ಬರುತ್ತೇನಪ್ಪಾ?"

"ಇಲ್ಲ, ಅಕ್ಕ."

"ಅದನ್ನೇ ಅಂದ್ಕೊಂಡೆ. ಬೇಕೂಂತ ಬಿಟ್ಟವನು ಅದರ ಹಿಂದೆ ಮಡುವಿಗೆ ಬೀಳಲ್ಲ."

ಚೆಲುವರಾಜು ನಿಂತೇ ಇದ್ದ. ನೀರಿಗೆ ಬಿದ್ದದ್ದು ಅವನಿಗೆ ನೆನಪಿತ್ತು. ಅದಕ್ಕೊಂದು ಅರ್ಥ ಇರಬಹುದು ಎಂದು ಹೊಳೆದಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಹೋಗಲಿಲ್ಲ.

"ಆ ಮೀನು ಹೋಯ್ತು, ಹೋಗಲಿ. ಹೇಗೂ ನೀರಿಗೇ ಬಿಡಬೇಕಿತ್ತು," ಅಂದರು ಪುಟ್ಟತಾಯಮ್ಮ. "ಬಲೆ ಹಿಡಿದಿದ್ದು ಸಾಕು. ಇವತ್ತು ನೀನು ಗಾಳ ಹಾಕು. ಬಲೆ ನನ್ನ ಹತ್ತಿರ ಇರಲಿ."

ಅವನು ಗುರುಗಳ ಕಡೆ ನೋಡಿದ. ಅವನ ಕೋಲು ಅವರ ಪಕ್ಕದಲ್ಲೇ ಮರಕ್ಕೆ ಒರಗಿಸಿತ್ತು. ಯಾವಾಗ ತಂದಿಟ್ಟಿದ್ದರೋ.

ಚೆಲುವರಾಜು ಅಂಚಿನ ಕೆಸರು ತೆಗೆದು ಬೆರಳಿಗೆ ಉಜ್ಜಿಕೊಂಡ. ಉಗುರ ಸಂದಿಯವರೆಗೂ ಉಜ್ಜಿದ. ಬಗ್ಗಿಕೊಂಡು ತನ್ನ ಜಾಗಕ್ಕೆ ಹೋದ. ನೆರಳು ಎಲ್ಲಿ ಬೀಳುತ್ತದೆ ನೋಡಿ ಕೂತ. ಒಂದು ಹಿಡಿ ಹಿಂಡಿಯನ್ನು ಎಸೆದ. ಗಾಳ ಹಾಕಲಿಲ್ಲ.

ಪುಟ್ಟತಾಯಮ್ಮ ಅವನ ಹಿಂದೆ ಬಂದು ಕೂತರು.

ನೀರು ಸುಮ್ಮನಿತ್ತು. ಮೀಂಚುಳ್ಳಿಯೊಂದು ಆಚೆ ದಡದಿಂದ ಈಚೆಗೆ ಹಾರಿ ಬಂದು ಕೂತು ಮತ್ತೆ ಹೋಯಿತು. ಎಷ್ಟೋ ಹೊತ್ತು ಕಳೆಯಿತು. ಆಮೇಲೆ, ಜೊಂಡಿನ ಹತ್ತಿರ, ಸಣ್ಣ ಗುಳ್ಳೆಗಳು ಸಾಲಾಗಿ ಬಂದವು.

ಅವನು ಬೆಂಡನ್ನು ಸ್ವಲ್ಪ ಮೇಲಕ್ಕೆ ಸರಿಸಿದ. ಗುಳ್ಳೆಗಳಿಗಿಂತ ತುಸು ಆಚೆ ಗಾಳ ಬಿಟ್ಟ. ಉಂಡೆ ತಳ ಮುಟ್ಟಿತು. ಅವನು ಬೆಂಡು ನೋಡುತ್ತಾ ಕೂತ. ದಂಡೆಯಲ್ಲಿ ಯಾರು ಯಾರು ಬಂದರು, ಯಾರಿಗೆ ಏನು ಬಿತ್ತು ಎಂಬುದು ಅವನಿಗೆ ತಿಳಿಯಲಿಲ್ಲ.

ಬೆಂಡು ವಾಲಿತು. ಮೆಲ್ಲಗೆ ಪಕ್ಕಕ್ಕೆ ನಡೆಯಿತು. ಮುಳುಗಿತು.

ಕೋಲಿನ ತುದಿಯಿಂದ ಭುಜದವರೆಗೂ ಏನೋ ಜೀವಂತವಾದದ್ದು ಓಡಿಬಂತು. ಅವನು ಎಳೆದಾಡಲಿಲ್ಲ. ಅದು ಹೋದಾಗ ಬಿಟ್ಟುಕೊಟ್ಟ, ನಿಂತಾಗ ತಂದುಕೊಂಡ. ಹಿಂದಿನಿಂದ ಕೈಬಲೆ ನೀರಿಗೆ ಇಳಿಯಿತು. ಮೀನು ತಲೆ ಮುಂದಾಗಿ ಬಲೆಯ ಮೇಲೆ ಬಂತು.

"ಈಗ," ಅಂದ.

ಪುಟ್ಟತಾಯಮ್ಮ ಎತ್ತಿದರು.

ದೊಡ್ಡ ಮೀನೇನಲ್ಲ. ಮರಿಯೂ ಅಲ್ಲ. ಮೊಳಕೈ ಉದ್ದದ ಗೆಂಡೆ, ಹೊಟ್ಟೆಯ ಕಡೆ ತೆಳು ಕೆಂಪು. ಬಲೆಯಲ್ಲಿ ಬಾಲ ಬಡಿಯುತ್ತಿತ್ತು. ಉಳಿದವರು ಎದ್ದು ನೋಡಿದರು. ಯಾರೋ ಅವನ ಹೆಸರು ಹಿಡಿದು ಕೂಗಿದರು. ಅರುಳಪ್ಪ ಮರದ ಬುಡದಿಂದ ಎದ್ದು ಬಂದು ಪಕ್ಕದಲ್ಲಿ ನಿಂತರು.

ಚೆಲುವರಾಜು ಮೀನನ್ನು ನೋಡಿದ, ಪುಟ್ಟತಾಯಮ್ಮನನ್ನು ನೋಡಿದ. ನಗು ಬರುತ್ತಿತ್ತು. ಪಂಚೆಗೆ ಕೈ ಒರೆಸಿಕೊಂಡು ಮೀನು ಹಿಡಿಯಲು ಚಾಚಿದವನು ಹಾಗೇ ತಡೆದು ಗುರುಗಳ ಕಡೆ ತಿರುಗಿದ.

"ಗುರುಗಳೇ, ಇದು ಬಿದ್ದಿದ್ದು ನನ್ನ ಅದೃಷ್ಟಕ್ಕೋ, ಅಕ್ಕನ ಅದೃಷ್ಟಕ್ಕೋ?"

ಅರುಳಪ್ಪ ಬಲೆಯೊಳಗೆ ಬಾಯಿ ತೆರೆದು ಮುಚ್ಚುತ್ತಿದ್ದ ಮೀನಿನ ಕಡೆ ನೋಡಿದರು.

"ಒಣಗೈ ತಾಗಿದರೆ ಅದರ ಮೈ ಸುಟ್ಟ ಹಾಗಾಗುತ್ತೆ. ಮೊದಲು ಕೈ ಒದ್ದೆ ಮಾಡಿಕೊ."